ಇಲ್ಲದ ಪರದೆಗೆ ಕಿಟಕಿ ಕಳಿಸಿದ ಮಹನೀಯರಿಗೆ

ಕಾರ್ಮಿಕ ವಿವಾದಗಳ ವಿಚಾರಣಾ ಕೊಠಡಿಯ ಕಂಪ್ಯೂಟರಿನೊಳಗೆ ವಾಸವಾಗಿದ್ದುಕೊಂಡು, ಯಾವ ಕಿಟಕಿ ಎಲ್ಲಿ ತೆರೆಯಬೇಕು, ಎಷ್ಟಗಲ ಇರಬೇಕು, ಯಾವುದರ ಬೆನ್ನ ಹಿಂದೆ ಯಾವುದು ಅಡಗಿ ಕೂರಬೇಕು ಎಂಬುದನ್ನೆಲ್ಲ ಯಾರನ್ನೂ ಕೇಳದೆ ತೀರ್ಮಾನಿಸುವ ಮಾನ್ಯ ವಿಂಡೋ ಮ್ಯಾನೇಜರ್ ಅವರ ಸನ್ನಿಧಾನಕ್ಕೆ, ಅದೇ ಕೊಠಡಿಯ ಮೂಲೆಯ ಮೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕೂತು ಪರರ ಮಾತುಗಳನ್ನು ಕಾಗದಕ್ಕಿಳಿಸುತ್ತಿರುವ ಬೆರಳಚ್ಚುಗಾರ್ತಿಯು ಕೈಜೋಡಿಸಿ, ತಲೆಬಾಗಿ, ಬಾಗಿದ ತಲೆಯನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಆರೋಗ್ಯ ಕೆಟ್ಟ ದಿನ ಕಿಟಕಿಗಳೆಲ್ಲ ಒಂದರ ಮೇಲೊಂದು ಬಿದ್ದು ಯಾವುದನ್ನೂ ಜರುಗಿಸಲಾಗದೆ ಹೋಗುತ್ತದೆಂದು ತಿಳಿದವರು ಹೇಳಿದ್ದಾರೆ, ಸದ್ಯ ಹಾಗೇನೂ ಆಗಿಲ್ಲ. ನಾವು ಇಲ್ಲಿ ಅಷ್ಟೇನೂ ಕ್ಷೇಮವಾಗಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುವ ಉದ್ದೇಶದಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆಯಬಹುದಿತ್ತು, ಆದರೆ ತಮ್ಮ ವಿಳಾಸಕ್ಕೆ ಕಳಿಸಿದ್ದೆಲ್ಲ ತಮ್ಮ ಇಷ್ಟದ ಜಾಗಕ್ಕೆ ಹೋಗಿ ಬೀಳುವುದನ್ನು ಕಣ್ಣಾರೆ ಕಂಡ ಮೇಲೆ, ನಾಲ್ಕು ಜನ ಓದುವ ಕಡೆ ಹಾಕುವುದೇ ಕ್ಷೇಮವೆಂದು ತೋರಿತು.

ತಾವು ಬರುವುದಕ್ಕೆ ಮೊದಲು ನನ್ನ ಬಳಿ ಇದ್ದದ್ದು ಒಂದು ಶೀಘ್ರಲಿಪಿಯ ನೋಟ್‌ಬುಕ್ಕು, ಒಂದು ಟೈಪ್‌ರೈಟರು. ಸಾಕ್ಷಿ ಮಾತಾಡಿದ್ದನ್ನು ಗೀಚಿಕೊಂಡು ಆಮೇಲೆ ಅಚ್ಚುಕಟ್ಟಾಗಿ ಟೈಪ್ ಮಾಡುತ್ತಿದ್ದೆ. ಆ ಯಂತ್ರಕ್ಕೆ ಬುದ್ಧಿ ಕಡಿಮೆ ಎಂದು ಒಪ್ಪುತ್ತೇನೆ, ಅದಕ್ಕೆ ಏರಿಸಿದ ಹಾಳೆ ಏರಿಸಿದಲ್ಲೇ ಇರುತ್ತಿತ್ತು, ಸ್ವತಂತ್ರವಾಗಿ ಯೋಚಿಸಿ ಪಕ್ಕದ ಕೋಣೆಗೆ ಹೋಗಿ ಕೂತ ಉದಾಹರಣೆ ಒಂದೂ ಇಲ್ಲ. ಐದು ತಿಂಗಳ ಹಿಂದೆ, ಮೇಲಿನ ಮಹಡಿಯ ಸಭಾಂಗಣದಲ್ಲಿ ಬಳಸಿ ಬಿಟ್ಟ ಕಂಪ್ಯೂಟರನ್ನು ನಮ್ಮ ಕೊಠಡಿಗೆ ಇಳಿಸಿ, ಅದಕ್ಕೆ ಎರಡು ಪರದೆಗಳನ್ನು ಜೋಡಿಸಿದರು. ಒಂದು ನನ್ನ ಕಡೆಗೆ ಮುಖ ಮಾಡಿದ್ದು, ಇನ್ನೊಂದು ಸಾಕ್ಷಿಯ ಕಡೆಗೆ ಮುಖ ಮಾಡಿ ನನಗೆ ಬೆನ್ನು ತೋರಿಸಿಕೊಂಡು ನಿಂತದ್ದು. ನಾನು ಟೈಪ್ ಮಾಡಿದಂತೆಲ್ಲ ಪ್ರಶ್ನೋತ್ತರಗಳು ಒಂದು ದೊಡ್ಡ ಅಕ್ಷರದ ಕಿಟಕಿಯಲ್ಲಿ ಸಾಕ್ಷಿಯ ಪರದೆಯ ಮೇಲೆ ಮೂಡಬೇಕು, ತನ್ನ ಮಾತು ಸರಿಯಾಗಿ ದಾಖಲಾಗುತ್ತಿದೆಯೋ ಇಲ್ಲವೋ ಎಂದು ಸಾಕ್ಷಿ ಅಲ್ಲೇ ಓದಿ ನೋಡಬೇಕು. ಅದು ಏರ್ಪಾಡು. ಕಿಟಕಿಯನ್ನು ಅಲ್ಲಿಗೆ ಮುಟ್ಟಿಸುವುದೊಂದೇ ತಮ್ಮ ಪಾಲಿನ ಕೆಲಸ.

ಇಷ್ಟು ಸಣ್ಣ ಕೆಲಸ ತಮ್ಮಂಥ ಪ್ರತಿಭಾವಂತರಿಗೆ ಅವಮಾನವೆಂದು ಈಗ ನನಗೆ ಅರ್ಥವಾಗಿದೆ. ಮೊದಲ ವಾರವೇ ತಾವು ನನ್ನ ಕಿಟಕಿಯೊಂದನ್ನು ಪರದೆಯ ಮೇಲಂಚಿಗಿಂತ ಎರಡು ಬೆರಳು ಮೇಲಕ್ಕೆ ತೆರೆದಿರಿ. ಹಿಡಿದು ಎಳೆಯಬೇಕಾದ ಪಟ್ಟಿಯೇ ಆಕಾಶಕ್ಕೆ ಸೇರಿತ್ತು, ಮುಚ್ಚುವ ಗುರುತೂ ಅದರ ಜೊತೆಗೇ ಹೋಗಿತ್ತು. ಮುಂಡ ಮಾತ್ರ ನನ್ನೆದುರು ತೂಗುತ್ತಿತ್ತು. ನಮ್ಮ ಕಟ್ಟಡದ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ಎಲ್ಲರೂ ವೈರ್ ಮಾಮ ಎನ್ನುತ್ತೇವೆ, ಸ್ಕ್ರೂಡ್ರೈವರನ್ನು ಪೆನ್ಸಿಲ್ಲಿನಂತೆ ಕಿವಿಯ ಮೇಲೆ ಸಿಕ್ಕಿಸಿಕೊಂಡು ತಿರುಗುವವರು. ಕಂಪ್ಯೂಟರ್ ಅವರ ಕೆಲಸವಲ್ಲ, ಆದರೆ ಅದಕ್ಕೂ ವೈರ್ ಇದೆಯೆಂಬ ಒಂದೇ ಕಾರಣಕ್ಕೆ ಅವರ ಕೊರಳಿಗೆ ಬಿದ್ದಿದೆ. ಅವರು ಬಂದು ನೋಡಿ, "ಏನಮ್ಮಾ ಇದು, ತಲೆ ಇಲ್ಲದ ದೇಹ!" ಎಂದು ನಕ್ಕು, ಆಲ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಕಿಟಕಿಯ ಹೊಟ್ಟೆಯನ್ನು ಹಿಡಿದೂ ಎಳೆಯಬಹುದೆಂದು ತೋರಿಸಿಕೊಟ್ಟರು. ಹೀಗೆ ತಮ್ಮ ದಯೆಯಿಂದ ನನಗೊಂದು ವಿದ್ಯೆ ಬಂತು. ಮುಂದೆ ತಾವು ಕಿಟಕಿಗಳನ್ನು ಒಂದರ ಬೆನ್ನಿಗೆ ಇನ್ನೊಂದನ್ನು ತೆರೆದು, ಅಡಗಿದ್ದು ಉತ್ತರ ಕೊಡುವ ತನಕ ಎದುರಿನದ್ದು ಮಿಸುಕಾಡದಂತೆ ಮಾಡಿದಾಗಲೂ ನಾನು ಕೋಪ ಮಾಡಿಕೊಳ್ಳಲಿಲ್ಲ. ಇವೆಲ್ಲ ದೊಡ್ಡವರ ಮನೆಯ ಮಕ್ಕಳ ತುಂಟಾಟದಂತೆ, ಸಹಿಸಿಕೊಳ್ಳಬೇಕು ಎಂದುಕೊಂಡೆ.

ಹೀಗಿರುವಾಗ ಬಾಯ್ಲರ್ ಮೇಸ್ತ್ರಿಯವರ ಪ್ರಕರಣ ಬಂತು.

ತಮಗೆ ಅವರ ಪರಿಚಯವಿರಲಾರದು, ಏಕೆಂದರೆ ತಾವು ಅವರಿಗೆ ಬೇಕಾದ್ದನ್ನು ಬೇಕಾದ ಹೊತ್ತಿಗೆ ಅವರೆದುರಿಗೆ ಇಟ್ಟವರಲ್ಲ. ಐವತ್ತರ ಆಸುಪಾಸಿನ ಗಟ್ಟಿ ಆಳು. ಇಪ್ಪತ್ತೆರಡು ವರ್ಷ ಒಂದು ಕಾರ್ಖಾನೆಯಲ್ಲಿ ಬಾಯ್ಲರಿನ ಹೊಟ್ಟೆಯೊಳಗೆ ಕೂತು ಸುತ್ತಿಗೆ ಬಡಿದು ಬಡಿದು ಕಿವಿ ಕಳೆದುಕೊಂಡವರು. ಕಿವಿ ಒಂದೇ ದಿನ ಹೋಗುವುದಿಲ್ಲವಂತೆ. ಮೊದಲು ಹಕ್ಕಿಗಳ ಸದ್ದು, ಆಮೇಲೆ ಹೆಂಗಸರ ದನಿ, ಕೊನೆಗೆ ಉಳಿದದ್ದೆಲ್ಲ. ಹೋಗುತ್ತಿರುವುದು ಗೊತ್ತಾದರೆ ಕೆಲಸದಿಂದ ತೆಗೆದಾರೆಂದು ಹೆದರಿ, ಎದುರಿದ್ದವರ ತುಟಿ ನೋಡಿ ತಲೆಯಾಡಿಸಿಕೊಂಡು ನಡೆಸಿದ್ದರು. ಒಂದು ದಿನ ಕ್ರೇನಿನಲ್ಲಿ ಕಬ್ಬಿಣದ ಹಲಗೆ ಬರುತ್ತಿರುವಾಗ ಎಚ್ಚರಿಕೆಯ ಹಾರ್ನ್ ಊದಿದರು. ಎಲ್ಲರೂ ಸರಿದರು. ಬೆನ್ನು ಹಾಕಿ ನಿಂತಿದ್ದ ಇವರು ಸರಿಯಲಿಲ್ಲ. ಕ್ರೇನಿನವರು ಇವರನ್ನು ತಪ್ಪಿಸಲು ಹಲಗೆಯನ್ನು ಪಕ್ಕಕ್ಕೆ ತಿರುಗಿಸಿದಾಗ ಅದು ಜೊತೆಯ ವೆಲ್ಡರನಿಗೆ ಬಡಿದು ಕಾಲು ಮುರಿಯಿತು. ಕಾರ್ಖಾನೆಯವರು ಇವರನ್ನು ಕೆಲಸದಿಂದ ತೆಗೆದು, "ಎಚ್ಚರಿಕೆ ಕೇಳಿಯೂ ಬೇಕೆಂದೇ ಕದಲದೆ ನಿಂತು ಸಹೋದ್ಯೋಗಿಯ ಗಾಯಕ್ಕೆ ಕಾರಣರಾದರು" ಎಂದು ಬರೆದುಬಿಟ್ಟರು. ಆ ಒಂದು ವಾಕ್ಯವನ್ನು ಅಳಿಸಿಕೊಡಿ ಎಂದು ಮೇಸ್ತ್ರಿ ನಮ್ಮ ಕೊಠಡಿಗೆ ಬಂದಿದ್ದರು.

ಅವರ ಜೊತೆ ಹೆಂಡತಿ ಬಂದಿದ್ದರು. ಮನೆಯಲ್ಲಿ ಗಂಡನಿಗೆ ಎಲ್ಲವನ್ನೂ ಕೈಸನ್ನೆಯಲ್ಲಿ ತಿಳಿಸುವವರು ಅವರೇ. ಆದರೆ ಕಾರ್ಖಾನೆಯ ವಕೀಲರು ಎದ್ದು, ಹೆಂಡತಿ ಸನ್ನೆಯಲ್ಲಿ ಏನು ಹೇಳಿಕೊಡುತ್ತಾರೋ ಯಾರಿಗೆ ಗೊತ್ತು ಎಂದು ಆಕ್ಷೇಪಿಸಿದ್ದರಿಂದ, ವಿಚಾರಣಾಧಿಕಾರಿಗಳಾದ ಸಾಹೇಬರು ಆಕೆಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, "ಪರದೆ ಇದೆಯಲ್ಲ, ಓದಿಕೊಂಡು ಉತ್ತರ ಕೊಡ್ಲಿ" ಎಂದು ಅಪ್ಪಣೆ ಮಾಡಿದರು. ಅಂದರೆ ಆ ದಿನ ಆ ಮನುಷ್ಯನಿಗೂ ಲೋಕಕ್ಕೂ ನಡುವೆ ಇದ್ದದ್ದು ತಾವೊಬ್ಬರೇ. ಇಂಥ ಗೌರವ ನನಗೆ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ.

ಬೆಳಗಿನ ಹೊತ್ತು ತಾವು ಬಹುತೇಕ ಸರಿಯಾಗಿಯೇ ನಡೆದುಕೊಂಡಿರಿ. ಒಮ್ಮೆ ಮಾತ್ರ, ನನ್ನ ಪರದೆಯ ಮೇಲೆ ಬರಬೇಕಾಗಿದ್ದ ಪುಟ್ಟ ಕಿಟಕಿಯೊಂದನ್ನು ಒಯ್ದು ಮೇಸ್ತ್ರಿಯ ಪರದೆಯ ನಟ್ಟನಡುವೆ ಇಟ್ಟಿರಿ. ಕಡತ ಮುಚ್ಚುವ ಮೊದಲು ಕಂಪ್ಯೂಟರ್ ಕೇಳುವ ಮಾಮೂಲಿ ಪ್ರಶ್ನೆ ಅದು: "ಉಳಿಸಬೇಕೇ? ಹೌದು. ಬೇಡ." ಮೇಸ್ತ್ರಿ ಅದನ್ನು ಎರಡು ಸಲ ಓದಿದರು. ಇಷ್ಟು ಬೇಗ ಇಷ್ಟು ನೇರವಾಗಿ ಕೇಳಿಬಿಡುತ್ತಾರೆಂದು ಅವರು ಎಣಿಸಿರಲಿಲ್ಲವೇನೋ. ಎದ್ದು ನಿಂತು, ತಮ್ಮ ದನಿ ಎಷ್ಟು ದೊಡ್ಡದೆಂದು ತಮಗೇ ತಿಳಿಯದ ಆ ದೊಡ್ಡ ದನಿಯಲ್ಲಿ, "ಹೌದು ಸಾರ್, ಉಳಿಸಿ! ಇಪ್ಪತ್ತೆರಡು ವರ್ಷದ ಕೆಲಸ ಸಾರ್, ಉಳಿಸಿ!" ಎಂದು ಸಾಹೇಬರಿಗೆ ಕೈಮುಗಿದರು. ಹಿಂದಿನ ಬೆಂಚಿನಿಂದ ಯಾರೋ ಪರದೆಯಲ್ಲಿದ್ದುದನ್ನು ಗಟ್ಟಿಯಾಗಿ ಓದಿದರು, ಕೊಠಡಿ ಗೊಳ್ಳೆಂದು ನಕ್ಕಿತು. ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲರೂ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಮೇಸ್ತ್ರಿಯೂ ಸಣ್ಣಗೆ ನಕ್ಕು, ನಗುತ್ತಲೇ ಹಿಂತಿರುಗಿ ಹೆಂಡತಿಯ ಮುಖ ನೋಡಿದರು. ಆಕೆ ನಗುತ್ತಿರಲಿಲ್ಲ. ತಮ್ಮ ಹಾಸ್ಯಪ್ರಜ್ಞೆಗೆ ನನ್ನ ಅಭಿನಂದನೆಗಳು ಸಲ್ಲಬೇಕು; ನನ್ನ ಬೆರಳುಗಳು ಆ ಹೊತ್ತಿನಲ್ಲಿ ಕೀಲಿಮಣೆಯ ಮೇಲಿನಿಂದ ಏಳಲಿಲ್ಲ, ಹಾಗಾಗಿ ಚಪ್ಪಾಳೆ ತಟ್ಟಲಾಗಲಿಲ್ಲ.

ಊಟದ ವಿರಾಮ ಮುಗಿಸಿ ಎಲ್ಲರೂ ಬಂದು ಕೂತೆವು. ಮುಖ್ಯವಾದ ಪ್ರಶ್ನೆಗಳು ಶುರುವಾಗಿದ್ದೇ ಆಗ. "ಹಾರ್ನ್ ಊದಿದಾಗ ನೀವು ಎಲ್ಲಿದ್ದಿರಿ?" ಎಂದು ವಕೀಲರು ಕೇಳಿದರು, ನಾನು ಟೈಪ್ ಮಾಡಿದೆ. ನನ್ನ ಪರದೆಯ ಕೆಳಗಿನ ಪಟ್ಟಿಯಲ್ಲಿ ದೊಡ್ಡಕ್ಷರದ ಕಿಟಕಿಯ ಹೆಸರು ಬೆಳಗುತ್ತಿತ್ತು, ಅಂದರೆ ಕಿಟಕಿ ತೆರೆದೇ ಇದೆ, ಎಲ್ಲವೂ ಸರಿಯಿದೆ ಎಂದು ತಾವು ನನಗೆ ಭರವಸೆ ಕೊಟ್ಟಂತೆ. ಮೇಸ್ತ್ರಿ ಪರದೆಯನ್ನೇ ನೋಡುತ್ತ ಸುಮ್ಮನೆ ಕೂತಿದ್ದರು. ವಕೀಲರು ಮತ್ತೆ ಕೇಳಿದರು, "ಹಾರ್ನ್ ಕೇಳಿಸಿತೋ ಇಲ್ಲವೋ?" ನಾನು ಅದನ್ನೂ ಟೈಪ್ ಮಾಡಿದೆ. ಮೇಸ್ತ್ರಿ ಕದಲಲಿಲ್ಲ. ಮೂರನೆಯ ಸಲ ಕೇಳಿ, ವಕೀಲರು ಸಾಹೇಬರ ಕಡೆ ತಿರುಗಿ, "ನೋಡಿ ಸಾರ್. ಬೆಳಗ್ಗೆ ಚೆನ್ನಾಗೇ ಉತ್ತರ ಕೊಡ್ತಿದ್ರು. ಈಗ ಬೇಕಾದ ಪ್ರಶ್ನೆ ಬಂದ ಕೂಡಲೇ ಬಾಯಿ ಮುಚ್ಕೊಂಡ್ರು. ಅವತ್ತೂ ಹೀಗೇ ಮಾಡಿದ್ದು" ಎಂದರು. ಸಾಹೇಬರು ಕೆಟ್ಟವರಲ್ಲ, ಗಡಿಯಾರ ನೋಡುವ ಅಭ್ಯಾಸದವರು. ಒಂದು ನಿಮಿಷ ಕಾದು ನನ್ನತ್ತ ತಿರುಗಿ, "ಬರೆದುಕೊಳ್ರೀ. ಪ್ರಶ್ನೆಯನ್ನು ಮೂರು ಬಾರಿ ಕೇಳಲಾಗಿಯೂ ಸಾಕ್ಷಿಯು ಉತ್ತರಿಸದೆ ಮೌನ ವಹಿಸಿದರು" ಎಂದು ಹೇಳಿದರು.

'ಪ್ರಶ್ನೆಯನ್ನು ಮೂರು ಬಾರಿ' ಎನ್ನುವವರೆಗೆ ಟೈಪ್ ಮಾಡಿದ್ದೆ, ಮಾನ್ಯರೇ. ತಲೆ ಎತ್ತಿದೆ. ಹಿಂದಿನ ಬೆಂಚಿನಲ್ಲಿ ಮೇಸ್ತ್ರಿಯ ಹೆಂಡತಿ ಅರ್ಧ ಎದ್ದು ನನ್ನ ಕಡೆಯೇ ನೋಡುತ್ತ, ಅಂಗೈಯನ್ನು ಅಗಲಿಸಿ ಗಾಳಿಯನ್ನು ಒರೆಸುವಂತೆ ಆಡಿಸುತ್ತಿದ್ದರು. ಸನ್ನೆಭಾಷೆ ನನಗೆ ಬಾರದು. ಅದು ತಿಳಿಯುವುದಕ್ಕೆ ಭಾಷೆಯೇನೂ ಬೇಕಿರಲಿಲ್ಲ: ಖಾಲಿ, ಅಲ್ಲಿ ಏನೂ ಇಲ್ಲ, ಖಾಲಿ.

ಆ ಕೊಠಡಿಯಲ್ಲಿ ನನಗೆ ಬಾಯಿ ಇಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಅಲ್ಲಿ ನಾನು ಆಡಿದ ಮಾತೆಂದರೆ, "ಸ್ವಲ್ಪ ನಿಧಾನವಾಗಿ ಹೇಳಿ ಸಾರ್" ಎಂಬುದೊಂದೇ. ಎಂಥೆಂಥ ಸುಳ್ಳುಗಳನ್ನು ಕಾಮಾ ಫುಲ್‌ಸ್ಟಾಪು ಸಮೇತ ಟೈಪ್ ಮಾಡಿದ್ದೇನೆ, ಅದು ಹೇಳಿದವರ ಸುಳ್ಳು, ನನ್ನದಲ್ಲ ಎಂದುಕೊಂಡು. ಆದರೆ ಇದು ನನ್ನ ಕೈಯಿಂದ ಹುಟ್ಟುತ್ತಿರುವ ಸುಳ್ಳು ಎಂದು ಹೊಳೆದಾಗ ಕಾಲುಗಳು ತಾವಾಗಿಯೇ ಎದ್ದವು. "ಏನ್ರೀ, ನೀವ್ಯಾಕೆ ಎದ್ರಿ?" ಎಂದರು ಸಾಹೇಬರು. "ಸಾರ್, ಪ್ರಶ್ನೆ ಅವರಿಗೆ ಮುಟ್ಟೇ ಇಲ್ಲ. ಪರದೆ ಖಾಲಿ ಇದೆ. ಮುಟ್ಟದೇ ಇರೋ ಪ್ರಶ್ನೆಗೆ ಮೌನ ಅಂತ ನಾನು ಟೈಪ್ ಮಾಡೋದಿಲ್ಲ" ಎಂದೆ. ವಕೀಲರು, "ಟೈಪಿಸ್ಟ್ ಯಾವಾಗಿಂದ ಸಾಕ್ಷಿ ಹೇಳೋಕೆ ಶುರು ಮಾಡಿದ್ರು?" ಎಂದರು. ಸಾಹೇಬರು ಕುರ್ಚಿಯಿಂದಿಳಿದು, ಮೇಜು ಸುತ್ತಿಕೊಂಡು ಬಂದು, ಮೇಸ್ತ್ರಿಯ ಹೆಗಲ ಮೇಲಿಂದ ಬಗ್ಗಿ ನೋಡಿದರು. ನೀಲಿ ಬಣ್ಣದ ಬಯಲು. ಒಂದಕ್ಷರವಿಲ್ಲ. ಮೇಸ್ತ್ರಿ ಸಾಹೇಬರ ಮುಖವನ್ನು ನೋಡಿ, "ಶುರು ಮಾಡೋಣವಾ ಸಾರ್?" ಎಂದು ಕೇಳಿದರು.

ಕಿಟಕಿ ಎಲ್ಲಿಗೆ ಹೋಯಿತೆಂದು ನಾನೂ ವೈರ್ ಮಾಮನೂ ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ. ಸಾಹೇಬರು ಮೂರು ವಾರ ಗಡುವು ಕೊಟ್ಟರು. ಅಷ್ಟರೊಳಗೆ ಇದು ಸರಿಹೋಗದಿದ್ದರೆ, ಅಪಘಾತದ ದಿನ ಕಾರ್ಖಾನೆಯಲ್ಲಿ ಮೇಸ್ತ್ರಿಯ ಸಹಿ ಪಡೆದ ಹೇಳಿಕೆಯನ್ನೇ ಆಧಾರವಾಗಿಟ್ಟುಕೊಂಡು ಪ್ರಕರಣ ಮುಗಿಸುವುದಾಗಿ ಹೇಳಿದರು. ಆ ಹೇಳಿಕೆಯಲ್ಲಿ 'ಹಾರ್ನ್ ಕೇಳಿಸಿತು' ಎಂದಿತ್ತು. ಇದಲ್ಲದೆ, ವಿಚಾರಣೆಯ ನಡುವೆ ಅಪ್ಪಣೆಯಿಲ್ಲದೆ ಮಾತಾಡಿದ್ದಕ್ಕಾಗಿ ನನಗೊಂದು ಮೆಮೋ ಹೊರಡಿಸಲಾಯಿತು. ಕಚೇರಿಯಲ್ಲಿ ಟೈಪಿಸ್ಟ್ ಒಬ್ಬಳೇ ಆದ್ದರಿಂದ ಆ ಮೆಮೋವನ್ನು ಟೈಪ್ ಮಾಡಿದವಳೂ ನಾನೇ. ಅದರಲ್ಲಿದ್ದ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿಯೇ ಟೈಪ್ ಮಾಡಿದೆ.

ಇನ್ನು ತಮ್ಮ ಶೋಧನೆಗೆ ಹೊರಟ ಕಥೆ. ಮೊದಲು ತಮ್ಮನ್ನು ರಚಿಸಿದ ಪುಣ್ಯಾತ್ಮರಿಗೆ ದೂರು ಬರೆದೆ. ಕಾಣೆಯಾದ ಕಿಟಕಿಯ ಚಿತ್ರವನ್ನು ತೆಗೆದು ಕಳಿಸಬೇಕೆಂದು ಅವರು ಕೇಳಿದರು. ಕಾಣೆಯಾದ್ದರ ಚಿತ್ರ ತೆಗೆಯುವ ವಿದ್ಯೆ ನನಗೆ ತಿಳಿಯದೆ, ಖಾಲಿ ಪರದೆಯ ಚಿತ್ರವನ್ನು ಕಳಿಸಿದೆ. "ತಾವು ಕಳಿಸಿದ ಚಿತ್ರದಲ್ಲಿ ಯಾವ ದೋಷವೂ ಕಂಡುಬರುತ್ತಿಲ್ಲ, ನಮ್ಮಲ್ಲಿ ಎಲ್ಲವೂ ಸರಿಯಾಗಿಯೇ ಇದೆ" ಎಂದು ಉತ್ತರ ಬರೆದು ದೂರನ್ನು ಮುಕ್ತಾಯಗೊಳಿಸಿದರು. ಅವರಲ್ಲಿ ಸರಿಯಿರುವುದನ್ನು ತಿಳಿದು ನನಗೂ ಸಂತೋಷವಾಯಿತು.

ಆಮೇಲೆ ನನಗೆ ಗೊತ್ತಿರುವ ಒಂದೇ ಕೆಲಸವನ್ನು ಮಾಡಿದೆ: ಬರೆದಿಟ್ಟುಕೊಂಡೆ. ಹೊಸ ನೋಟ್‌ಬುಕ್ಕು ತೆಗೆದು, ಆ ಕಿಟಕಿಯನ್ನು ದಿನಕ್ಕೆ ಹತ್ತಾರು ಸಲ ನೋಡಿ, ಎದ್ದು ಹೋಗಿ ಸಾಕ್ಷಿಯ ಕುರ್ಚಿಯಲ್ಲಿ ಕೂತು ಪರೀಕ್ಷಿಸಿ, ಗಂಟೆ, ನಿಮಿಷ, ಅದಕ್ಕೆ ಮುಂಚೆ ಕೊಠಡಿಯಲ್ಲಿ ಏನು ನಡೆದಿತ್ತು ಎಂಬುದನ್ನೆಲ್ಲ ಶೀಘ್ರಲಿಪಿಯಲ್ಲಿ ದಾಖಲಿಸಿದೆ. ಬೇರೆ ವಿಚಾರಣೆಗಳಲ್ಲೂ ಕಿಟಕಿ ಕಾಣೆಯಾಗುತ್ತಿತ್ತೆಂದು ಆಗ ಗೊತ್ತಾಯಿತು. ಕಿವಿ ಕೇಳುವ ಸಾಕ್ಷಿಗಳು ಕಂಪ್ಯೂಟರ್ ಬಂದಾಗಿನಿಂದ ಖಾಲಿ ಪರದೆಯನ್ನು ಗೌರವದಿಂದ ನೋಡುತ್ತ ಉತ್ತರ ಕೊಟ್ಟು ಹೋಗಿದ್ದರು, ಒಬ್ಬರೂ ಚಕಾರ ಎತ್ತಿರಲಿಲ್ಲ. ಎರಡು ವಾರ ಕಳೆಯುವ ಹೊತ್ತಿಗೆ ಹನ್ನೆರಡು ಬಾರಿ ಕಿಟಕಿ ಹೋಗಿತ್ತು. ಹತ್ತು ಬಾರಿ ಊಟದ ವಿರಾಮದ ನಂತರ. ಒಮ್ಮೆ ವಕೀಲರೊಬ್ಬರು ತಡವಾಗಿ ಬಂದಾಗ. ಇನ್ನೊಮ್ಮೆ ಸಾಹೇಬರು ಫೋನ್ ಹಿಡಿದುಕೊಂಡು ಅರ್ಧ ಗಂಟೆ ವರಾಂಡದಲ್ಲಿ ಓಡಾಡಿದಾಗ.

ವೈರ್ ಮಾಮನಿಗೆ ಪಟ್ಟಿ ಓದಿ ಹೇಳಿದೆ. ಅವರು ಕಿವಿಯ ಮೇಲಿನ ಸ್ಕ್ರೂಡ್ರೈವರ್ ತೆಗೆದು ಕೆನ್ನೆ ಕೆರೆದುಕೊಂಡು, "ಅಂದ್ರೆ ನಾವು ಏನೋ ಮಾಡಿದಾಗ ಕೆಡ್ತಿಲ್ಲಮ್ಮ. ನಾವು ಏನೂ ಮಾಡದೆ ಇದ್ದಾಗ ಕೆಡ್ತಿದೆ" ಎಂದರು. ಮರುದಿನ ಇಬ್ಬರೂ ಊಟಕ್ಕೆ ಹೋಗದೆ, ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಪರದೆಗಳ ಎದುರು ಕಾವಲು ಕೂತೆವು. ಪರೀಕ್ಷೆಗೆಂದು ಮೇಸ್ತ್ರಿಯ ಕಡತವನ್ನೇ ತೆರೆದಿಟ್ಟಿದ್ದೆವು. ಇಪ್ಪತ್ತನೆಯ ನಿಮಿಷಕ್ಕೆ ಎರಡೂ ಪರದೆಗಳು ಕಪ್ಪಾಗಿ ನಿದ್ದೆಗೆ ಜಾರಿದವು. ಸ್ವಲ್ಪ ಹೊತ್ತು ಬಿಟ್ಟು ಮೌಸ್ ಅಲ್ಲಾಡಿಸಿದೆ. ನನ್ನ ಪರದೆ ಹಾಗೆಯೇ ಕಣ್ಣುಬಿಟ್ಟಿತು. ಸಾಕ್ಷಿಯ ಪರದೆ ಮಾತ್ರ, ಈಗಷ್ಟೇ ಕೆಲಸಕ್ಕೆ ಸೇರಿದ ಹೊಸಬನಂತೆ ತನ್ನ ತಯಾರಕರ ಹೆಸರನ್ನು ತೋರಿಸಿಕೊಂಡು ಎದ್ದಿತು. ಕಿಟಕಿ ಇರಲಿಲ್ಲ. ವೈರ್ ಮಾಮ ಸೆಟ್ಟಿಂಗ್ಸ್ ತೆರೆದು, ಪರದೆಗಳು ಹೇಗೆ ಜೋಡಣೆಯಾಗಿವೆ ಎಂದು ತೋರಿಸುವ ನಕ್ಷೆಯನ್ನು ನೋಡಿದರು. ಎರಡು ಚೌಕಗಳಿರಬೇಕಾದಲ್ಲಿ ಮೂರಿದ್ದವು. ಎಡಗಡೆಯ ತುದಿಯಲ್ಲಿ ಬೂದುಬಣ್ಣದ ಒಂದು ದೊಡ್ಡ ಚೌಕ.

"ಇದ್ಯಾರಮ್ಮ ಮೂರನೆಯವರು?" ಎಂದರು ವೈರ್ ಮಾಮ.

ಅದು ಮೇಲಿನ ಮಹಡಿಯ ಸಭಾಂಗಣದ ಪ್ರೊಜೆಕ್ಟರ್ ಆಗಿತ್ತು, ಮಾನ್ಯರೇ. ಈ ಕಂಪ್ಯೂಟರ್ ಅಲ್ಲಿದ್ದಾಗ ಅದಕ್ಕೆ ಜೋಡಿಸಿದ್ದ, ಈಗ ಕೆಟ್ಟು ಉಗ್ರಾಣ ಸೇರಿರುವ ಪ್ರೊಜೆಕ್ಟರ್. ಸಾಕ್ಷಿಯ ಪರದೆ ನಿದ್ದೆ ಹೋದಾಗಲೆಲ್ಲ ತಾವು ಅದರ ಹೆಸರನ್ನು ಹಾಜರಿಯಿಂದ ತೆಗೆದುಹಾಕಿ, ಅದು ಎದ್ದು ಬಂದಾಗ ಯಾರೆಂದು ಗುರುತು ಹಿಡಿಯಲಾಗದೆ, ಹಳೆಯ ದಫ್ತರ ಬಿಚ್ಚಿ, ಸಭಾಂಗಣದ ಕಾಲದ ಪುಟ ಸಿಕ್ಕಿದ ಕೂಡಲೇ ಅದರಂತೆ ಕಿಟಕಿಯನ್ನು ಆ ಪ್ರೊಜೆಕ್ಟರಿನ ಮೇಲೆ, ಅಂದರೆ ನನ್ನ ಪರದೆಯ ಎಡಕ್ಕಿರುವ ಗೋಡೆ, ಗೋಡೆಯಾಚೆಯ ಮೆಟ್ಟಿಲು, ಅದರಾಚೆಯ ಶೂನ್ಯದಲ್ಲಿ ಇಟ್ಟು ಬರುತ್ತಿದ್ದಿರಿ. ಕೈಗೆ ಸಿಗದ ಕಿಟಕಿಯನ್ನು ಬಾಣದ ಕೀಲಿಗಳಿಂದ ಜರುಗಿಸಬಹುದೆಂದು ಎಲ್ಲೋ ಓದಿದ್ದೆ. ಬಲಬಾಣವನ್ನು ಒತ್ತುತ್ತ ಹೋದೆ. ಎಷ್ಟೋ ಹೊತ್ತಿನ ಮೇಲೆ ನನ್ನ ಪರದೆಯ ಎಡ ಅಂಚಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹೊರಬಂತು. ಅದರ ಹಿಂದೆ 'ಎಲ್ಲಿದ್ದಿರಿ', ಅದರ ಹಿಂದೆ 'ನೀವು', ಅದರ ಹಿಂದೆ 'ಊದಿದಾಗ', ಕೊನೆಗೆ 'ಹಾರ್ನ್'. ಮೇಸ್ತ್ರಿಗೆ ಮುಟ್ಟದೆ ಹೋದ ಪ್ರಶ್ನೆ ಹಿಮ್ಮುಖವಾಗಿ ನಡೆದುಕೊಂಡು ಬಂದು ನನ್ನೆದುರು ನಿಂತಿತು. ಡಬ್ಬಿ ತೆರೆದದ್ದು ಆಮೇಲೆ.

ತಮ್ಮ ಹಳೆಯ ನೆನಪಿನ ಆ ಪುಟವನ್ನು ಅಳಿಸಿದೆವು. ಪರದೆಗಳು ನಿದ್ದೆ ಹೋಗದಂತೆ ಮಾಡಿದೆವು. ಈ ಹೆಸರಿನ ಕಿಟಕಿ ಸದಾ ಸಾಕ್ಷಿಯ ಪರದೆಯ ಮೇಲೆಯೇ ತೆರೆಯತಕ್ಕದ್ದು ಎಂದು ತಮಗೆ ಒಂದು ಕಟ್ಟುನಿಟ್ಟಿನ ನಿಯಮ ಬರೆದಿಟ್ಟೆವು. ಸಾಲದ್ದಕ್ಕೆ ವೈರ್ ಮಾಮ ಬಚ್ಚಲುಮನೆಯ ಗೋಡೆಯಲ್ಲಿದ್ದ ಒಂದು ಕನ್ನಡಿಯನ್ನು ಬಿಚ್ಚಿ ತಂದು ಸಾಕ್ಷಿಯ ಕುರ್ಚಿಯ ಹಿಂದಿನ ಗೋಡೆಗೆ ಮೊಳೆ ಹೊಡೆದರು, ನಾನು ಕೂತಲ್ಲಿಂದಲೇ ಅದರೊಳಗೆ ಆ ಪರದೆಯನ್ನು ನೋಡಬಹುದು. ಅಕ್ಷರಗಳು ತಿರುಗಾಮುರುಗಾ ಕಾಣುತ್ತವೆ, ಇದೆಯೋ ಇಲ್ಲವೋ ಎಂಬುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ತಮ್ಮ ಜೊತೆ ವ್ಯವಹರಿಸುವವರಿಗೆ ಅಷ್ಟು ಸಾಕು.

ಗಡುವಿನ ದಿನ ವಿಚಾರಣೆಯನ್ನು ಊಟದ ನಂತರವೇ ಇಡಬೇಕೆಂದು ನಾನು ಬರವಣಿಗೆಯಲ್ಲಿ ಕೇಳಿಕೊಂಡಿದ್ದೆ. ಬಾಯಲ್ಲಿ ಕೇಳಿದರೆ ಇನ್ನೊಂದು ಮೆಮೋ ಟೈಪ್ ಮಾಡಬೇಕಾದೀತೆಂಬ ಭಯ. ವಕೀಲರು ಮೊದಲ ಪ್ರಶ್ನೆ ಕೇಳಿದರು. ಕನ್ನಡಿಯಲ್ಲಿ ತಿರುಗಿದ ಅಕ್ಷರಗಳು ಮೂಡಿದವು. ಮೇಸ್ತ್ರಿಯ ತುಟಿಗಳು ಒಂದೊಂದೇ ಪದವನ್ನು ಓದಿದವು, ಆಮೇಲೆ ಆ ದೊಡ್ಡ ದನಿ ಎದ್ದಿತು. "ಹಾರ್ನ್ ಊದಿತ್ತು ಅಂತ ಎಲ್ರೂ ಹೇಳ್ತಾರೆ ಸಾರ್. ಊದಿರಬಹುದು. ಊದಿಲ್ಲ ಅಂತ ನಾನು ಹೇಳಲ್ಲ. ನನ್ನ ತನಕ ಬರಲಿಲ್ಲ ಅಷ್ಟೇ. ಯಾರಾದ್ರೂ ಭುಜ ಮುಟ್ಟಿದ್ರೆ ಸಾಕಿತ್ತು, ಸರಿದು ನಿಲ್ತಿದ್ದೆ." ಹಾಗಾದರೆ ಹೇಳಿಕೆಗೆ ಸಹಿ ಹಾಕಿದ್ದೇಕೆ ಎಂಬ ಪ್ರಶ್ನೆಯನ್ನು ಓದಿ ಸ್ವಲ್ಪ ತಲೆತಗ್ಗಿಸಿದರು. "ಅವರೇ ಓದಿ ಹೇಳಿದ್ರು. ಕಾಗದ ನನ್ನ ಕೈಗೆ ಕೊಡಲಿಲ್ಲ. ಎಲ್ರೂ ತಲೆ ಆಡಿಸಿದ್ರು, ನಾನೂ ಆಡಿಸಿದೆ. ಕಿವಿ ಹೋಗಿದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು ಸಾರ್, ಅದು ನನ್ನ ತಪ್ಪು. ಅದನ್ನ ಬೇಕಾದ್ರೆ ಬರ್ಕೊಳ್ಳಿ. ಆದರೆ ಆ ವೆಲ್ಡರ್ ಹದಿನೈದು ವರ್ಷ ನನ್ನ ಪಕ್ಕದಲ್ಲಿ ಕೂತು ಊಟ ಮಾಡಿದೋನು. ಬೇಕಂತ ನಿಂತಿದ್ದೆ ಅಂತ ಬರೆದಿದ್ದಾರಲ್ಲ, ಅದೊಂದನ್ನ ಅಳಿಸ್ಬಿಡಿ. ಕೆಲಸ ಕೊಡದಿದ್ರೂ ಚಿಂತೆಯಿಲ್ಲ." ನಾನು ಪದ ಬಿಡದೆ ಟೈಪ್ ಮಾಡಿದೆ. ಅವರು ಪರದೆಯಲ್ಲಿ ತಮ್ಮ ಮಾತನ್ನು ಓದಿ, "ಹಾಂ, ಇದೇ" ಎಂದರು. ಅದನ್ನೂ ಟೈಪ್ ಮಾಡಿದೆ.

ಸಾಹೇಬರ ಆದೇಶ ಮುಂದಿನ ತಿಂಗಳು ಬಂತು. ಬೇಕೆಂದೇ ನಿಂತರೆಂಬ ವಾಕ್ಯವನ್ನು ತೆಗೆದುಹಾಕಿ, ಮೇಸ್ತ್ರಿಯನ್ನು ಸದ್ದಿಲ್ಲದ ವಿಭಾಗದಲ್ಲಿ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಹಾರ್ನ್ ಇರುವಲ್ಲೆಲ್ಲ ಕೆಂಪು ದೀಪವೂ ಹೊತ್ತಿಕೊಳ್ಳಬೇಕು ಎಂದು ಬರೆದಿದ್ದರು. ಆ ಆದೇಶದ ಹದಿನಾಲ್ಕನೆಯ ಪ್ಯಾರಾದಲ್ಲಿ ತಾವೂ ಇದ್ದೀರಿ. "ಇದೇ ಕೊಠಡಿಯಲ್ಲಿ, ಸಾಕ್ಷಿಗೆ ತಲುಪದಿದ್ದ ಪ್ರಶ್ನೆಗೆ ಅವರು ಮೌನ ವಹಿಸಿದರೆಂದು ದಾಖಲಿಸಲು ಈ ವಿಚಾರಣಾಧಿಕಾರಿಯೇ ಆದೇಶಿಸಿದ್ದುಂಟು. ಕಾರ್ಖಾನೆಯಲ್ಲಿ ನಡೆದ ತಪ್ಪು ಇದಕ್ಕಿಂತ ಭಿನ್ನವೆಂದು ಹೇಳಲು ಯಾವ ಆಧಾರವೂ ಕಾಣುವುದಿಲ್ಲ." ಈ ಸಾಲುಗಳನ್ನು ಟೈಪ್ ಮಾಡುವಾಗ ನನಗಾದ ಸಂಕಟವನ್ನು ತಮ್ಮಲ್ಲಿ ಹೇಗೆ ತೋಡಿಕೊಳ್ಳಲಿ? ತಾವು ಆ ದಿನ ಸರಿಯಾಗಿ ಕೆಲಸ ಮಾಡಿದ್ದಿದ್ದರೆ ಸಾಹೇಬರಿಗೆ ಈ ಮಾತು ಹೊಳೆಯುತ್ತಿರಲಿಲ್ಲವೋ ಏನೋ. ತಮ್ಮ ದೋಷ ಒಬ್ಬ ಮನುಷ್ಯನ ಹೆಸರನ್ನು ಉಳಿಸಿತೆಂದು ಒಪ್ಪಿಕೊಳ್ಳಬೇಕಾಗಿ ಬಂದಿದೆ. ಒಪ್ಪಿಕೊಳ್ಳುತ್ತೇನೆ, ಹೊಟ್ಟೆ ಉರಿದುಕೊಂಡೇ ಒಪ್ಪಿಕೊಳ್ಳುತ್ತೇನೆ. ಇದನ್ನು ತಾವು ಅಭ್ಯಾಸ ಮಾಡಿಕೊಳ್ಳಬಾರದಾಗಿ ವಿನಂತಿ.

ಆದೇಶದ ಪ್ರತಿ ಪಡೆಯಲು ಮೇಸ್ತ್ರಿ ಹೆಂಡತಿಯೊಡನೆ ಬಂದಿದ್ದರು. ವರಾಂಡದಲ್ಲಿ ನಿಂತು ಪೂರ್ತಿ ಓದಿ, ಮಡಚಿ ಜೇಬಿಗಿಟ್ಟು, ನನ್ನ ಮೇಜಿನ ಬಳಿಗೆ ಬಂದರು. ಏನಾದರೂ ಹೇಳುತ್ತಾರೆಂದು ಕಾದೆ. ಅವರು ನನ್ನ ಭುಜವನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿ ಹೋದರು. ಆಕೆ ಹಿಂತಿರುಗಿ ಕೈಯಲ್ಲಿ ಏನೋ ಸನ್ನೆ ಮಾಡಿದರು. ಈ ಸಲ ಅದು ನನಗೆ ಅರ್ಥವಾಗಲಿಲ್ಲ, ಕಲಿಯಬೇಕೆಂದುಕೊಂಡಿದ್ದೇನೆ.

ಈಗ ತಮ್ಮಲ್ಲಿ ಕೆಲವು ಬೇಡಿಕೆಗಳು. ತಾವು ಒಮ್ಮೆ ಬಿಡುವು ಮಾಡಿಕೊಂಡು ಕಂಪ್ಯೂಟರಿನಿಂದ ಹೊರಬಂದು, ಸಾಕ್ಷಿಯ ಆ ಕುರ್ಚಿಯಲ್ಲಿ ಊಟದ ನಂತರ ಒಂದು ಗಂಟೆ ಕೂರಬೇಕು; ಹಿಂಭಾಗದ ಒಂದು ಕಾಲು ಗಿಡ್ಡ, ಜೋಪಾನ. ಇನ್ನು ಮುಂದೆ ಯಾವುದಾದರೂ ಕಿಟಕಿಯನ್ನು ಶೂನ್ಯಕ್ಕೆ ಸಾಗಿಸುವ ಮುನ್ನ ಶೂನ್ಯದ ವಿಳಾಸ, ಅಲ್ಲಿಗೆ ಹೋಗಲು ಇಳಿಯಬೇಕಾದ ನಿಲ್ದಾಣ ಮತ್ತು ಭೇಟಿಯ ವೇಳೆಯನ್ನು ನಮೂದಿಸಿ ನನ್ನಿಂದ ರಶೀದಿ ಪಡೆಯಬೇಕು. ಕಾಣೆಯಾದ ಕಿಟಕಿಯನ್ನು ಕೆಳಗಿನ ಪಟ್ಟಿಯಲ್ಲಿ ದೀಪ ಹಚ್ಚಿ ತೋರಿಸುವ ತಮ್ಮ ಪದ್ಧತಿಯನ್ನು ದಯವಿಟ್ಟು ಕೈಬಿಡಬೇಕು, ಮನೆಯಲ್ಲಿಲ್ಲದವರ ಚಪ್ಪಲಿಯನ್ನು ಬಾಗಿಲಲ್ಲಿಟ್ಟು ಇದ್ದಾರೆ ಇದ್ದಾರೆ ಎನ್ನುವುದು ತಮ್ಮ ಘನತೆಗೆ ಶೋಭಿಸುವುದಿಲ್ಲ. ಮತ್ತು ಉಗ್ರಾಣದಲ್ಲಿರುವ ಆ ಪ್ರೊಜೆಕ್ಟರನ್ನು ತಾವು ಅಷ್ಟು ಹಚ್ಚಿಕೊಂಡಿದ್ದರೆ ಹೇಳಿ, ವೈರ್ ಮಾಮನಿಗೆ ಹೇಳಿ ತಮ್ಮನ್ನೂ ಅಲ್ಲಿಗೇ ಕಳಿಸಿಕೊಡುವ ವ್ಯವಸ್ಥೆ ಮಾಡುತ್ತೇನೆ. ನನ್ನ ಮೇಲಿನ ಮೆಮೋ ಇನ್ನೂ ರದ್ದಾಗಿಲ್ಲ. ಅದನ್ನು ತಾವು ತಮ್ಮ ಪ್ರಭಾವ ಬಳಸಿ ಎಲ್ಲಾದರೂ ಪರದೆಯಾಚೆ ಇಟ್ಟುಬಿಟ್ಟರೆ, ಆ ಒಂದು ಬಾರಿಗೆ ನಾನು ಹುಡುಕಲು ಬರುವುದಿಲ್ಲವೆಂದು ಮಾತು ಕೊಡುತ್ತೇನೆ.

ತಮ್ಮ ಮೇಲಿನ ವಿಶ್ವಾಸವನ್ನು ಎಲ್ಲಿಟ್ಟೆನೆಂದು ಇನ್ನೂ ಹುಡುಕುತ್ತಿರುವ,

ತಮ್ಮ ವಿಧೇಯ ವಿಶ್ವಾಸಿ,
ವಿಚಾರಣಾ ಕೊಠಡಿಯ ಬೆರಳಚ್ಚುಗಾರ್ತಿ

ತಾ.ಕ. (ಆಮೇಲೆ ಸೇರಿಸಿದ್ದು): ಈ ಪತ್ರವನ್ನು ಕೈಯಲ್ಲೇ ಬರೆದು, ವರಾಂಡದ ನೋಟೀಸ್ ಬೋರ್ಡಿಗೆ ನಾಲ್ಕು ಮೂಲೆಗೆ ನಾಲ್ಕು ಗುಂಡುಪಿನ್ನು ಚುಚ್ಚಿ ಹಚ್ಚಿದ್ದೇನೆ. ಇಂದಿಗೆ ಒಂಬತ್ತು ದಿನ. ಮಧ್ಯೆ ಎರಡು ಸಲ ಕರೆಂಟ್ ಹೋಗಿತ್ತು, ಮೂರು ರಜೆ ಬಂದವು, ಒಮ್ಮೆ ಜೋರು ಗಾಳಿಯೂ ಬೀಸಿತು. ಹಚ್ಚಿದ ಜಾಗದಲ್ಲೇ ಇದೆ. ಈ ತಂತ್ರಜ್ಞಾನದಲ್ಲಿ ತಮಗೆ ಆಸಕ್ತಿಯಿದ್ದರೆ ತಿಳಿಸಿ, ಪಿನ್ನಿನ ಡಬ್ಬಿಯಲ್ಲಿ ಇನ್ನೂ ಬೇಕಾದಷ್ಟು ಉಳಿದಿವೆ.